ರಂಗಕ್ಕೆ ಹಾಡು ಮರಳಿದ ಕತೆ: ಮಂಡ್ಯದ ಬಯಲೂ ಬಿ.ವಿ. ಕಾರಂತರ ಹಾದಿಯೂ

ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಊರಬಾಗಿಲುಗಳಲ್ಲಿ ದೊಡ್ಡ ದೊಡ್ಡ ಫ್ಲೆಕ್ಸ್‌ಗಳು ಏಳುತ್ತವೆ. ‘ಕುರುಕ್ಷೇತ್ರ ಅಥವಾ ಶ್ರೀಕೃಷ್ಣ ಸಂಧಾನ’ ಎಂಬ ತಲೆಬರಹ, ಅದರ ಕೆಳಗೆ ಪಾತ್ರಧಾರಿಗಳ ಸಾಲು ಸಾಲು ಫೋಟೊ. ಅರ್ಜುನನಾಗುವವನು ಆಲೆಮನೆಯಲ್ಲಿ ಬೆಲ್ಲ ತೆಗೆಯುವವನು, ಶಕುನಿ ಪ್ರೈಮರಿ ಶಾಲೆಯ ಮೇಷ್ಟ್ರು, ಭೀಮ ಲಾರಿ ಓಡಿಸುವವನು. ಇವರಿಗೆಲ್ಲ ತಿಂಗಳುಗಟ್ಟಲೆ ಹಾಡು, ಮಾತು ಕಲಿಸಿದವರು ಹಾರ್ಮೋನಿಯಂ ಮೇಷ್ಟ್ರು. ಪಾತ್ರಕ್ಕೆ ಇಂತಿಷ್ಟು ಎಂದು ಹಣ ಕಟ್ಟಿ ಪಾತ್ರ ಹಿಡಿಯುವುದು ಇಲ್ಲಿನ ಪದ್ಧತಿ. ದುರ್ಯೋಧನನ ಪಾತ್ರಕ್ಕೆ ಇಬ್ಬರು ಆಸೆಪಟ್ಟರೆ ಅದಕ್ಕೂ ದಾರಿಯುಂಟು. ಮೊದಲರ್ಧಕ್ಕೆ ಒಬ್ಬ ದುರ್ಯೋಧನ, ಉಳಿದರ್ಧಕ್ಕೆ ಇನ್ನೊಬ್ಬ. ನೋಡುವ ಜನಕ್ಕೆ ಅದರಿಂದ ಏನೂ ತೊಡಕಿಲ್ಲ. ಕಿರೀಟ, ಗದೆ, ಬಂದು ನಿಲ್ಲುವ ಠೀವಿ, ಎತ್ತಿಕೊಳ್ಳುವ ರಾಗ, ಇಷ್ಟು ಸಿಕ್ಕರೆ ಅವರ ಪಾಲಿಗೆ ಅವನು ದುರ್ಯೋಧನನೇ.

ಸಂಜೆಯ ಹೊತ್ತಿಗೆ ಸೀನರಿ ಬಂದಿಳಿಯುತ್ತದೆ. ಅರಮನೆ, ಕಾಡು, ಬೀದಿ, ದರ್ಬಾರು ಎಂದು ಬರೆದ ಪರದೆಗಳು ಒಂದರ ಹಿಂದೊಂದು ಕಟ್ಟಿಕೊಳ್ಳುತ್ತವೆ. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ವೃತ್ತಿನಿರತ ಕಲಾವಿದೆಯರು ಬರುತ್ತಾರೆ. ವಾರಕ್ಕೆ ಹಲವು ರಾತ್ರಿ, ಹಲವು ಊರು, ಹಲವು ಭೀಮರ ಎದುರು ದ್ರೌಪದಿಯಾಗಬೇಕಾದ ದುಡಿಮೆ ಅವರದು. ಪ್ರಾರ್ಥನೆಯಾಗಿ, ತಬಲ ಹದಕ್ಕೆ ಬಂದು, ಮೊದಲ ಕಂದಪದ್ಯ ಎತ್ತುವ ಹೊತ್ತಿಗೆ ಚಾಪೆ ಹಾಸಿಕೊಂಡು ಇಡೀ ಊರು ಕೂತಿರುತ್ತದೆ. ಹಾಡು ಚೆನ್ನಾಗಿ ಬಂತೆಂದರೆ ‘ಒನ್ಸ್ ಮೋರ್’ ಕೂಗು ಏಳುತ್ತದೆ. ಸತ್ತುಬಿದ್ದ ಅಭಿಮನ್ಯು ಎದ್ದು ನಿಂತು ಮತ್ತೊಮ್ಮೆ ಹಾಡಿ ಮತ್ತೆ ಸಾಯುವುದೂ ಉಂಟು.

ನಗರದ ಆಧುನಿಕ ರಂಗಭೂಮಿ ಈ ನಾಟಕವನ್ನು ಬಹಳ ಕಾಲ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ. ಹಾಡು ಹೆಚ್ಚು, ಅಬ್ಬರ ಹೆಚ್ಚು, ಬದುಕಿಗೆ ಹತ್ತಿರವಿಲ್ಲ ಎಂಬುದು ಅದರ ಆಕ್ಷೇಪ. ಈ ಆಕ್ಷೇಪವನ್ನು ದಾಟಿ, ಬಯಲಾಟದ ಹೆಜ್ಜೆಯನ್ನೂ ಕಂಪನಿ ನಾಟಕದ ಹಾಡನ್ನೂ ಹೊಸ ರಂಗಭೂಮಿಯ ನಡುಮನೆಗೆ ಕರೆತಂದವರು ಬಾಬುಕೋಡಿ ವೆಂಕಟರಮಣ ಕಾರಂತ. ಅವರು ಕರಾವಳಿಯವರು, ಮಂಡ್ಯದವರಲ್ಲ. ಆದರೆ ಅವರು ಮಾಡಿದ ಕೆಲಸದ ಬೆಲೆ ತಿಳಿಯಬೇಕಾದರೆ ಮಂಡ್ಯದಂಥ ಬಯಲಿನಿಂದಲೇ ಕತೆಯನ್ನು ಹೇಳಿಕೊಂಡು ಬರಬೇಕು. ಏಕೆಂದರೆ ನಗರದ ರಂಗಭೂಮಿ ಕಳೆದುಕೊಂಡದ್ದನ್ನು ಈ ಬಯಲು ಕಳೆದುಕೊಂಡಿರಲಿಲ್ಲ.

ಮೂಡಲ ಸೀಮೆಯ ಆಟ

ಯಕ್ಷಗಾನವೆಂದರೆ ಕರಾವಳಿಯ ತೆಂಕುತಿಟ್ಟು, ಬಡಗುತಿಟ್ಟುಗಳಷ್ಟೇ ನೆನಪಾಗುವ ಕಾಲ ಇದು. ಆದರೆ ಘಟ್ಟದ ಈಚೆ, ಮಂಡ್ಯ, ತುಮಕೂರು, ಹಾಸನ, ಚಿತ್ರದುರ್ಗದ ಬಯಲುಸೀಮೆಯಲ್ಲಿ ಅದರದೇ ಒಂದು ಕವಲು ಬೆಳೆದಿತ್ತು. ಅದೇ ಮೂಡಲಪಾಯ. ಭಾಗವತ ಪದ ಎತ್ತುತ್ತಾನೆ, ಮದ್ದಳೆ ತಾಳ ಕೊಡುತ್ತದೆ, ಮುಖವೀಣೆ ಎಳೆಯಾಗಿ ಸ್ವರ ಹಿಡಿದು ರಾತ್ರಿಯುದ್ದಕ್ಕೂ ಬಿಡದೆ ನಡೆಯುತ್ತದೆ. ಹಗುರ ಮರದ ಕಿರೀಟ, ಭುಜಕೀರ್ತಿ, ಎದೆಕಟ್ಟು ತೊಟ್ಟ ಪಾತ್ರ ಪರದೆಯ ಹಿಂದಿನಿಂದ ಅಬ್ಬರಿಸುತ್ತ ಬರುತ್ತದೆ. ನೀನಾರು, ಎಲ್ಲಿಂದ ಬಂದೆ ಎಂದು ಕೇಳಿ, ಅವನ ಬಾಯಿಂದಲೇ ಅವನ ಪರಾಕ್ರಮವನ್ನೆಲ್ಲ ಹೊರಡಿಸಿ, ನಡುನಡುವೆ ಜನರನ್ನು ನಗಿಸಲು ಹನುಮನಾಯಕನಿದ್ದಾನೆ. ಪಾತ್ರ ತನ್ನ ಹೆಸರು ತಾನೇ ಹೇಳಿಕೊಳ್ಳುವುದು, ಹಾಡಿನಲ್ಲಿ ಬಂದದ್ದನ್ನೇ ಮಾತಿನಲ್ಲಿ ಬಿಡಿಸುವುದು, ಎರಡು ಸುತ್ತು ಕುಣಿದು ನಿಂತರೆ ಊರಿಂದೂರಿಗೆ ಪ್ರಯಾಣ ಮುಗಿಯಿತೆಂದು ತಿಳಿಯುವುದು, ಇವೆಲ್ಲ ಅಲ್ಲಿನ ರಂಗದ ಕಟ್ಟುಪಾಡು. ಕರಿಬಂಟನ ಕತೆಯಂಥ ಪ್ರಸಂಗಗಳನ್ನು ಅಕ್ಷರ ಬಾರದವರೂ ಪದ ಸಹಿತ ಬಲ್ಲವರಾಗಿದ್ದರು.

ಇದೇ ಸೀಮೆಯಲ್ಲಿ ಕತೆ ಹೇಳುವ ಇನ್ನೊಂದು ಪರಂಪರೆಯೂ ಉಂಟು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ಒಕ್ಕಲಿಗೆ ದೊಡ್ಡ ನೆಲೆ. ತಂಬೂರಿ, ತಾಳ, ಗಗ್ಗರ ಹಿಡಿದ ನೀಲಗಾರರು ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ಧಪ್ಪಾಜಿಯರ ಕತೆಯನ್ನು ರಾತ್ರಿಗಟ್ಟಲೆ ಹಾಡುತ್ತಾರೆ. ಕಂಸಾಳೆ ಹಿಡಿದ ದೇವರ ಗುಡ್ಡರು ಮಲೆಯ ಮಾದೇಶ್ವರನನ್ನು ಹಾಡಿಕೊಂಡು ಬರುತ್ತಾರೆ. ಇಲ್ಲಿ ವೇಷವಿಲ್ಲ, ಪರದೆಯಿಲ್ಲ. ಮುಂದೆ ಕೂತ ಒಬ್ಬ ಗಾಯಕ ಮಂಟೇಸ್ವಾಮಿಯೂ ಆಗುತ್ತಾನೆ, ಕಲ್ಯಾಣದ ಬಾಗಿಲಲ್ಲಿ ಅವನನ್ನು ತಡೆಯುವವನೂ ಆಗುತ್ತಾನೆ. ಹಿಂದೆ ಕೂತವರು ಹೂಂಗುಟ್ಟಿ, ಸೊಲ್ಲು ಎತ್ತಿಕೊಟ್ಟು ಕತೆಯನ್ನು ನಡೆಸುತ್ತಾರೆ. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಆಧುನಿಕ ರಂಗದ ಮೇಲೆ ಬಂದದ್ದು ಇದೇ ನೀಲಗಾರರ ಕತೆಯ ಬಲದಿಂದ.

ಕಂಪನಿಯ ಕಾಲ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ವೃತ್ತಿ ನಾಟಕ ಕಂಪನಿಗಳು ಬಂದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಗೆ ಬಂದು ನಾಡಿನಲ್ಲೆಲ್ಲ ಹೆಸರಾಯಿತು. ಬರೆದ ಪರದೆ, ಗ್ಯಾಸ್‌ಲೈಟು, ಆಮೇಲೆ ವಿದ್ಯುದ್ದೀಪ, ರಂಗದ ಮೇಲೆಯೇ ನಡೆಯುವ ಪವಾಡಗಳು, ಎಲ್ಲಕ್ಕೂ ಮಿಗಿಲಾಗಿ ಹಾಡು. ಮಳವಳ್ಳಿಯ ಹೆಸರು ಆ ಕಾಲದ ರಂಗಪ್ರಿಯರ ಬಾಯಲ್ಲಿ ಉಳಿದದ್ದು ಮಳವಳ್ಳಿ ಸುಂದರಮ್ಮನವರಿಂದ. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ರಂಗದಲ್ಲಿ ಹೆಣ್ಣುಮಕ್ಕಳು ನಿಂತು ಹಾಡಿ ನಟಿಸಿ ಗೌರವ ಗಳಿಸಿದ ಆ ಮೊದಲ ಪೀಳಿಗೆಗೆ ಸೇರಿದವರು ಅವರು.

ಕಂಪನಿಗಳು ಊರೂರಲ್ಲಿ ಕ್ಯಾಂಪು ಹಾಕಿದವು. ಅವು ಹೊರಟುಹೋದ ಮೇಲೂ ಹಾಡು ಊರಿನಲ್ಲೇ ಉಳಿಯಿತು. ಕನ್ನಂಬಾಡಿಯ ನಾಲೆ ನೀರು ಹರಿದು, 1930ರ ದಶಕದಲ್ಲಿ ಮೈಸೂರು ಸಕ್ಕರೆ ಕಂಪನಿಯ ಕಾರ್ಖಾನೆ ಮಂಡ್ಯದಲ್ಲಿ ನಿಂತು, 1939ರಲ್ಲಿ ಮಂಡ್ಯ ತಾನೇ ಒಂದು ಜಿಲ್ಲೆಯಾದ ಕಾಲ ಅದು. ರಾಗಿ, ಹುರುಳಿ ನಂಬಿಕೊಂಡಿದ್ದ ಊರುಗಳು ಭತ್ತ, ಕಬ್ಬಿನ ಊರುಗಳಾದವು. ಕಂಪನಿ ನಾಟಕದ ಮಟ್ಟುಗಳನ್ನು ಬಲ್ಲ ಮೇಷ್ಟ್ರುಗಳು ಹಳ್ಳಿಗೆ ಬಂದು ಕಲಿಸತೊಡಗಿದರು. ಮೂಡಲಪಾಯ ಆಡುತ್ತಿದ್ದ ಊರುಗಳೇ ನಿಧಾನವಾಗಿ ‘ಕುರುಕ್ಷೇತ್ರ’ದ ಊರುಗಳಾದವು. ಭಾಗವತನ ಜಾಗಕ್ಕೆ ಹಾರ್ಮೋನಿಯಂ ಬಂತು, ಮುಖವೀಣೆ ಮೂಲೆ ಸೇರಿತು. ಇದರಲ್ಲಿ ನಷ್ಟವೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ಹಾಡಿ ಹೇಳುವುದು, ಜನರ ಎದುರು ನೇರ ನಿಂತು ಹೇಳುವುದು ಎಂಬ ಎರಡು ಮೂಲಗುಣಗಳು ಮಾತ್ರ ಆಟದಿಂದ ನಾಟಕಕ್ಕೆ ಹಾಗೇ ದಾಟಿಕೊಂಡವು.

ಓದಿದವರೂ ಇದರಿಂದ ದೂರ ಉಳಿಯಲಿಲ್ಲ. ಮಂಡ್ಯದಲ್ಲಿ ಜನತಾ ಶಿಕ್ಷಣ ಟ್ರಸ್ಟ್ ಕಟ್ಟಿದ, ಸಚಿವರಾಗಿಯೂ ಲೋಕಸಭಾ ಸದಸ್ಯರಾಗಿಯೂ ದುಡಿದ ಕೆ.ವಿ. ಶಂಕರಗೌಡರು ಸ್ವತಃ ಬಣ್ಣ ಹಚ್ಚಿ ರಂಗಕ್ಕೆ ಬರುತ್ತಿದ್ದವರು. ರಾಜಕಾರಣಿಯೊಬ್ಬ ನಟನಾಗಿಯೂ ಜನರ ಮುಂದೆ ನಿಲ್ಲುವುದು ಈ ಜಿಲ್ಲೆಗೆ ಹೊಸದಲ್ಲ.

ಹಾಡು ಹೊರಗಾದ ಬಗೆ

ಕಂಪನಿಗಳು ಊರೂರು ಸುತ್ತುತ್ತಿದ್ದ ಕಾಲದಲ್ಲೇ ಬೆಂಗಳೂರಿನಲ್ಲಿ ಬೇರೊಂದು ಗಾಳಿ ಬೀಸತೊಡಗಿತ್ತು. 1909ರಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಹುಟ್ಟಿತು. 1918ರಲ್ಲಿ ಟಿ.ಪಿ. ಕೈಲಾಸಂ ‘ಟೊಳ್ಳುಗಟ್ಟಿ’ಯನ್ನು ಕೊಟ್ಟರು. ಮನೆಯೊಳಗಿನ ಮಾತು, ಇಂಗ್ಲಿಷ್ ಬೆರೆತ ಕನ್ನಡ, ಗುಮಾಸ್ತರ, ವಕೀಲರ ಸಂಸಾರ ರಂಗಕ್ಕೆ ಬಂತು. ಇದು ಬೇಕಾದ ಕ್ರಾಂತಿಯೇ ಆಗಿತ್ತು. ದೇವಾನುದೇವತೆಗಳ ನಡುವೆ ನಮ್ಮ ಮನೆಯ ಕಷ್ಟಸುಖಕ್ಕೆ ಜಾಗವಿರಲಿಲ್ಲ, ಕೈಲಾಸಂ ಆ ಜಾಗ ಮಾಡಿಕೊಟ್ಟರು. ಆದರೆ ಹೊಸದು ಒಳಗೆ ಬಂದ ಬಾಗಿಲಲ್ಲೇ ಹಾಡು ಹೊರಗೆ ಹೋಯಿತು. ಗದ್ಯವೇ ನಾಟಕ, ಮೂರು ಗೋಡೆಯ ಕೋಣೆಯೇ ರಂಗ ಎಂಬ ತಿಳಿವಳಿಕೆ ಹವ್ಯಾಸಿಗಳಲ್ಲಿ ನೆಲೆಯೂರಿತು. ಹಾಡುವ ನಟ ಹಳ್ಳಿಯವನು, ಮಾತಾಡುವ ನಟ ಆಧುನಿಕ ಎಂಬ ಭೇದ ಬೆಳೆಯಿತು.

ಈ ಭೇದವನ್ನು ಒಪ್ಪದ ಇಬ್ಬರು ಮಂಡ್ಯ ಜಿಲ್ಲೆಯ ಮಣ್ಣಿನವರೇ ಎಂಬುದು ನೆನೆಯಬೇಕಾದ ವಿಷಯ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ಪ್ರಕಟಿಸಿದರು. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಏಜಾಕ್ಸ್’ ಅನ್ನು ಮಹಾಭಾರತದ ಅಶ್ವತ್ಥಾಮನ ಮೇಲೆ ತಂದು ನಿಲ್ಲಿಸಿ, ಗ್ರೀಕ್ ಮೇಳಕ್ಕೆ ಕನ್ನಡದ ಛಂದಸ್ಸಿನ ನಡೆ ಕೊಟ್ಟರು. ಸಾವಿರಾರು ಮೈಲಿ ದೂರದ ರುದ್ರನಾಟಕ ಕನ್ನಡದ ಬಾಯಿಗೆ ಬರಲು ಹಾಡೇ ದಾರಿ ಎಂದು ಅವರಿಗೆ ತೋಚಿತ್ತು. ಇನ್ನೊಬ್ಬರು ಮೇಲುಕೋಟೆಯ ಪು.ತಿ. ನರಸಿಂಹಾಚಾರ್. 1905ರಲ್ಲಿ ಹುಟ್ಟಿದ ಪು.ತಿ.ನ. ಗೀತನಾಟಕವನ್ನೇ ತಮ್ಮ ದಾರಿ ಮಾಡಿಕೊಂಡರು. ‘ಅಹಲ್ಯೆ’, ‘ಗೋಕುಲ ನಿರ್ಗಮನ’, ‘ಹಂಸದಮಯಂತಿ’ ಮೊದಲಾದವುಗಳಲ್ಲಿ ಮಾತು ಭಾವ ತುಂಬಿದೊಡನೆ ಹಾಡಾಗುತ್ತದೆ, ಹಾಡು ಸಾಕಾದಲ್ಲಿ ಮತ್ತೆ ಮಾತಿಗಿಳಿಯುತ್ತದೆ. ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಇವನ್ನು ರಂಗದ ಮೇಲೆ ಆಡಬಲ್ಲ ನಟರು ಎಲ್ಲಿ? ಕಂಪನಿ ನಟನಿಗೆ ಪು.ತಿ.ನ. ಅವರ ನವಿರು ಹಿಡಿಯದು, ಹವ್ಯಾಸಿ ನಟನಿಗೆ ಹಾಡೇ ಬಾರದು. ಆ ಗೀತನಾಟಕಗಳು ಬಹುಕಾಲ ಪುಸ್ತಕದಲ್ಲೇ ಉಳಿದವು.

ಮಂಚಿಯ ಹುಡುಗ

ಕಾರಂತರು ಹುಟ್ಟಿದ್ದು 1929ರಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯ ಬಳಿ. ಸುತ್ತಲೂ ಯಕ್ಷಗಾನ. ಮೂರನೆಯ ತರಗತಿಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಬಣ್ಣ ಹಚ್ಚಿದ ಹುಡುಗನಿಗೆ ರಂಗದ ಹುಚ್ಚು ಹಿಡಿದು ಬಿಡಲೇ ಇಲ್ಲ. ಮನೆ ಬಿಟ್ಟು ಓಡಿಹೋಗಿ ಸೇರಿದ್ದು ಗುಬ್ಬಿ ಕಂಪನಿಯನ್ನು. ಮುಂದೆ ಡಾ. ರಾಜ್‌ಕುಮಾರ್ ಎಂದು ನಾಡಿಗೇ ಪರಿಚಿತರಾದ ಮುತ್ತುರಾಜ್ ಕೂಡ ಅದೇ ಕಂಪನಿಯ ನೆರಳಲ್ಲಿದ್ದರು. ಕಂಪನಿಯ ಬಾಳು ಬಡತನದ್ದು, ಶಿಸ್ತಿನದು. ಊರಿಂದೂರಿಗೆ ಹೋಗುವ ಆ ಬಾಳಿನಲ್ಲಿ ರಾತ್ರಿ ನಾಟಕ, ಹಗಲು ಸಂಗೀತದ ಅಭ್ಯಾಸ. ಹಾಡು ಎಲ್ಲಿ ಎತ್ತಬೇಕು, ಎಲ್ಲಿ ನಿಲ್ಲಿಸಿದರೆ ಜನ ಮುಂದಿನ ಮಾತಿಗೆ ಕಿವಿಗೊಡುತ್ತಾರೆ ಎಂಬ ಲೆಕ್ಕ ಅವರಿಗೆ ಸಿಕ್ಕಿದ್ದು ಅಲ್ಲಿ, ಪುಸ್ತಕದಲ್ಲಲ್ಲ.

ಹುಡುಗನ ಓದಿನ ಆಸೆ ಕಂಡ ವೀರಣ್ಣನವರು ಅವನನ್ನು ಬನಾರಸ್‌ಗೆ ಕಳುಹಿಸಿದರು. ಅಲ್ಲಿ ಹಿಂದಿ ಎಂ.ಎ., ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದುಸ್ತಾನಿ ಸಂಗೀತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಅಲ್ಲಿಂದ ಪದವಿ. ಯಕ್ಷಗಾನ, ಕಂಪನಿ ನಾಟಕ, ಹಿಂದುಸ್ತಾನಿ ಸಂಗೀತ, ಪಾಶ್ಚಾತ್ಯ ರಂಗಶಿಕ್ಷಣ, ನಾಲ್ಕೂ ಒಂದೇ ಮೈಯಲ್ಲಿ ಸೇರಿದ್ದು ಹೀಗೆ. ಬಾಳಿನ ಕೊನೆಗಾಲದಲ್ಲಿ ಅವರು ಲೇಖಕಿ ವೈದೇಹಿಯವರಿಗೆ ಹೇಳಿ ಬರೆಸಿದ ಆತ್ಮಕತೆಯ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಆ ಹೆಸರೇ ಅವರ ಅಲೆದಾಟವನ್ನೆಲ್ಲ ಹೇಳುತ್ತದೆ.

1972 ಮತ್ತು ಆಮೇಲೆ

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಕಾರಂತರು ಮೂರು ನಾಟಕ ಆಡಿಸಿದರು. ಪಿ. ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಲಂಕೇಶರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಗ್ರೀಕ್ ದುರಂತ, ಹನ್ನೆರಡನೆಯ ಶತಮಾನದ ಕಲ್ಯಾಣ, ಉತ್ತರ ಕರ್ನಾಟಕದ ಬಯಲಾಟ, ಮೂರನ್ನೂ ಒಬ್ಬನೇ ನಿರ್ದೇಶಕ ಒಂದೇ ಬಯಲಿನಲ್ಲಿ ನಿಲ್ಲಿಸಿದ್ದು ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿತು. ‘ಜೋಕುಮಾರಸ್ವಾಮಿ’ಯಲ್ಲಿ ಸೂತ್ರಧಾರನೂ ಹಿಮ್ಮೇಳವೂ ಗೌಡನ ದೌರ್ಜನ್ಯದ ಕತೆಯನ್ನು ಹಾಡಿ ನಡೆಸುತ್ತಾರೆ. ಭೂಮಿ ಯಾರದು, ಉಳುವವನದೋ ಬಂದೂಕು ಹಿಡಿದವನದೋ ಎಂಬ ಪ್ರಶ್ನೆ ಭಾಷಣವಾಗಲಿಲ್ಲ, ಹಾಡಾಗಿ ಜನರೊಳಗೆ ಇಳಿಯಿತು. ಭೂಸುಧಾರಣೆಯ ಮಾತು ನಾಡಿನಲ್ಲೆಲ್ಲ ಎದ್ದಿದ್ದ ಕಾಲದಲ್ಲಿ ಆ ಹಾಡಿಗೆ ಇದ್ದ ಬಿಸಿ ಎಂಥದೆಂದು ಊಹಿಸಬಹುದು.

ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಇದು ಇನ್ನೂ ಮುಂದೆ ಹೋಯಿತು. ಭಾಗವತ, ಅರ್ಧ ಪರದೆ, ಮುಖವಾಡ, ಮಾತಾಡುವ ಗೊಂಬೆಗಳು. ಜನಪದ ರಂಗದ ಈ ಸಾಮಗ್ರಿಯಿಂದ ಕಾರ್ನಾಡರು ಕೇಳಿದ್ದು ಇಂದಿನ ಪ್ರಶ್ನೆ: ಮನುಷ್ಯನ ಗುರುತು ಇರುವುದು ತಲೆಯಲ್ಲೋ ಮೈಯಲ್ಲೋ? ಕಾರಂತರು ಅದನ್ನು ಹಿಂದಿಯಲ್ಲೂ ಕನ್ನಡದಲ್ಲೂ ಆಡಿಸಿದರು. ಅವರು ಪ್ರೇಮಾ ಕಾರಂತರೊಂದಿಗೆ ಕಟ್ಟಿದ ಬೆನಕ ತಂಡದ ಹೆಸರಿನ ಜೊತೆ ಆ ನಾಟಕದ ಹಾಡುಗಳು ಇಂದಿಗೂ ಉಳಿದಿವೆ. ಜಡಭರತರ ‘ಸತ್ತವರ ನೆರಳು’ ಮಠದೊಳಗಿನ ಅಧಿಕಾರದ ಆಟವನ್ನು ಹೇಳುವ ನಾಟಕ. ಕಾರಂತರು ಅದಕ್ಕೆ ಪುರಂದರದಾಸರ ಪದಗಳನ್ನು ಹೆಣೆದರು. ಭಕ್ತಿಯ ಹಾಡು ಕೇಳಿಸುತ್ತಿರುವಾಗಲೇ ಕಣ್ಣೆದುರು ಮಠದ ಲೋಭ ಕಾಣಿಸುತ್ತದೆ. ಪದ ಒಂದು ಹೇಳುತ್ತದೆ, ದೃಶ್ಯ ಇನ್ನೊಂದು ತೋರಿಸುತ್ತದೆ, ನಾಟಕ ಎರಡರ ನಡುವೆ ಹುಟ್ಟುತ್ತದೆ. ಆ ಪದಗಳನ್ನು ಕಿತ್ತುಹಾಕಿದರೆ ನಾಟಕದ ಬೆನ್ನೆಲುಬೇ ಮುರಿಯುತ್ತದೆ. ರಂಗಸಂಗೀತ ಎಂದರೆ ಇದು.

ಹಳೆಯ ಹಾಡುನಾಟಕದಲ್ಲಿ ಹೊಸ ರಂಗಭೂಮಿಗೆ ದಾರಿ ಕಾಣುವುದು ನಮ್ಮಲ್ಲಷ್ಟೇ ನಡೆದ ಸಂಗತಿಯಲ್ಲ. ಚೀನಾದ ಪೀಕಿಂಗ್ ಆಪೆರಾದ ಮಹಾನಟ ಮೇ ಲಾನ್‌ಫಾಂಗ್ ಸ್ತ್ರೀಪಾತ್ರಗಳಿಗೆ ಹೆಸರಾದವರು. ಹಾಡು, ಕೈಯ ಮುದ್ರೆ, ಉದ್ದ ತೋಳಿನ ಅಂಗಿಯ ಬೀಸು, ಎಲ್ಲವೂ ಪರಂಪರೆಯ ಕಟ್ಟಿನೊಳಗೆ. ಹಾಗಿದ್ದೂ 1910ರ ದಶಕದಲ್ಲೇ ಅವರು ತಮ್ಮ ಕಾಲದ ಉಡುಪು ತೊಟ್ಟು ತಮ್ಮ ಕಾಲದ ಹೆಂಗಸರ ಸಂಕಟದ ನಾಟಕಗಳನ್ನು ಆಡಿದರು. 1935ರಲ್ಲಿ ಅವರು ಮಾಸ್ಕೋಗೆ ಹೋದಾಗ ಅವರ ಅಭಿನಯ ನೋಡಿದವರಲ್ಲಿ ಜರ್ಮನಿಯ ಬರ್ಟೋಲ್ಟ್ ಬ್ರೆಕ್ಟ್ ಒಬ್ಬರು. ಪಾತ್ರವೇ ತಾನಾಗಿ ಕರಗಿಹೋಗದೆ, ಪಾತ್ರವನ್ನು ಪಕ್ಕದಲ್ಲಿ ನಿಂತು ತೋರಿಸುವ ಆ ನಟನೆ ಬ್ರೆಕ್ಟ್‌ಗೆ ಹಿಡಿಸಿತು, ಅದರ ಮೇಲೆ ಅವರು ಬರೆದ ಲೇಖನ ಲೋಕಪ್ರಸಿದ್ಧವಾಯಿತು. ಅದೇ ಬ್ರೆಕ್ಟ್ ಬರೆದ ನಾಟಕಗಳು ಕನ್ನಡಕ್ಕೂ ಬಂದವು, ಕೆ.ವಿ. ಸುಬ್ಬಣ್ಣನವರು ಅನುವಾದಿಸಿದ ‘ಸೆಜುವಾನ್ ನಗರದ ಸಾಧ್ವಿ’ ಅವುಗಳಲ್ಲೊಂದು. ಆದರೆ ಬ್ರೆಕ್ಟ್ ಮಾಸ್ಕೋದಲ್ಲಿ ಕಂಡು ಬೆರಗಾದ ಗುಣ ನಮ್ಮ ಬಯಲಿನಲ್ಲಿ ಮೊದಲೇ ಇತ್ತು. ಹನುಮನಾಯಕನ ಪ್ರಶ್ನೆಗೆ ತನ್ನ ಹೆಸರು ಹೇಳಿಕೊಳ್ಳುವ ಮೂಡಲಪಾಯದ ವೇಷಧಾರಿ, ಗಳಿಗೆಗೊಂದು ಪಾತ್ರವಾಗುವ ನೀಲಗಾರ, ‘ಒನ್ಸ್ ಮೋರ್’ ಕೂಗಿಗೆ ಎದ್ದು ಹಾಡುವ ಅಭಿಮನ್ಯು, ಇವರಲ್ಲಿ ಯಾರೂ ತಾವು ಆಡುತ್ತಿರುವುದು ಆಟ ಎಂಬುದನ್ನು ಜನರಿಂದ ಮುಚ್ಚಿಟ್ಟವರಲ್ಲ.

ಕಾಡು ನಡೆದು ಬಂದಾಗ

1977ರಲ್ಲಿ ಕಾರಂತರು ತಾವು ಓದಿದ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾದರು. 1979ರಲ್ಲಿ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಅನ್ನು ‘ಬರ್ನಮ್ ವನ’ ಎಂಬ ಹೆಸರಿನಲ್ಲಿ ಹಿಂದಿಯಲ್ಲಿ ಆಡಿಸಿದರು, ಅನುವಾದ ಕವಿ ರಘುವೀರ ಸಹಾಯರದು. ಮ್ಯಾಕ್‌ಬೆತ್‌ನ ಮಹತ್ವಾಕಾಂಕ್ಷೆಯನ್ನು ಅವರು ಕಾಡಾಗಿ ಕಂಡರು. ಅವನು ಹೊಕ್ಕಷ್ಟೂ ದಟ್ಟವಾಗುವ ಕಾಡು, ಕೊನೆಗೆ ಅವನ ಮೇಲೇ ನಡೆದು ಬರುವ ಕಾಡು. ಅದಕ್ಕೆ ಅವರು ತಂದದ್ದು ಯಕ್ಷಗಾನದ ಹೆಜ್ಜೆ, ನಿಲುವು, ಚಂಡೆಯ ಗತಿ. ಉತ್ತರ ಭಾರತದ ನಟರು ಕರಾವಳಿಯ ಹೆಜ್ಜೆಯಲ್ಲಿ ಸ್ಕಾಟ್ಲೆಂಡಿನ ರಾಜರಾದರು. ವೇಷವನ್ನು ಮೇಲೆ ತೊಡಿಸಿ ಜಾನಪದ ಅನ್ನಿಸುವುದು ಸುಲಭ. ಕಾರಂತರು ನಟನ ಉಸಿರು, ನಡಿಗೆ, ಲಯಗಳಿಂದಲೇ ಕೆಲಸ ಶುರುಮಾಡುತ್ತಿದ್ದರು. ಹಾಗಾಗಿ ನೋಡುವವನಿಗೆ ಯಕ್ಷಗಾನ ಬೇರೆ, ಮ್ಯಾಕ್‌ಬೆತ್ ಬೇರೆ ಎನ್ನಿಸಲಿಲ್ಲ.

ವಾದ್ಯಗಳ ವಿಷಯದಲ್ಲೂ ಅವರದು ಇದೇ ದಾರಿ. ಹಾರ್ಮೋನಿಯಂ, ತಬಲದ ಜೊತೆಗೆ ಕಲ್ಲು, ಬಿದಿರು, ಮಡಕೆ, ತೆಂಗಿನ ಕರಟ, ಕಬ್ಬಿಣದ ತುಂಡು, ಕೈಗೆ ಸಿಕ್ಕಿದ್ದೆಲ್ಲ ವಾದ್ಯವಾಗುತ್ತಿತ್ತು. ಎರಡು ಕಲ್ಲು ತಾಗಿದ ಸದ್ದಿನಲ್ಲಿ ಒಂದು ದೃಶ್ಯದ ಭಯ, ಬಿದಿರು ಸೀಳಿದ ಸದ್ದಿನಲ್ಲಿ ಒಂದು ಪಾತ್ರದ ಒಡಕು. ಸಂಗೀತಗಾರರು ಮರೆಯಲ್ಲಿ ಕೂರಬೇಕಾಗಿರಲಿಲ್ಲ, ನಟರೇ ಹಾಡಬೇಕು, ನಟರೇ ನುಡಿಸಬೇಕು. ಭೋಪಾಲದ ಭಾರತ ಭವನದ ರಂಗಮಂಡಲದಲ್ಲೂ ಅವರು ಆ ಸೀಮೆಯ ಬುಂದೇಲಿ ನುಡಿಯನ್ನೂ ಹಾಡನ್ನೂ ರಂಗಕ್ಕೆ ಕರೆದರು. ಎಲ್ಲಿಗೆ ಹೋದರೂ ಅಲ್ಲಿನ ಮಣ್ಣಿನ ಹಾಡನ್ನು ಹುಡುಕಿದವರು ಅವರು.

ಇದರ ನಡುವೆ ಸಿನಿಮಾವೂ ಇತ್ತು. 1975ರ ‘ಚೋಮನ ದುಡಿ’ಗೆ ಸ್ವರ್ಣಕಮಲ ಬಂತು. ‘ಋಷ್ಯಶೃಂಗ’, ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿಗಳು ಬಂದವು. 1981ರಲ್ಲಿ ಪದ್ಮಶ್ರೀ. ಆದರೆ ಅವರ ಮನಸ್ಸು ಹೊರಳಿ ಬರುತ್ತಿದ್ದದ್ದು ರಂಗಕ್ಕೇ.

ಮೈಸೂರಿಗೆ, ಮೇಲುಕೋಟೆಗೆ

1989ರಲ್ಲಿ ಕರ್ನಾಟಕ ಸರ್ಕಾರ ಮೈಸೂರಿನಲ್ಲಿ ರಂಗಾಯಣವನ್ನು ಸ್ಥಾಪಿಸಿತು, ಕಾರಂತರು ಅದರ ಮೊದಲ ನಿರ್ದೇಶಕರಾದರು. ನಟರಿಗೆ ಸಂಬಳ, ವರ್ಷಪೂರ್ತಿ ಅಭ್ಯಾಸ, ಸರ್ಕಾರದ ರೆಪರ್ಟರಿ, ಕನ್ನಡಕ್ಕೆ ಇವೆಲ್ಲ ಹೊಸದು. ಕಲಾಮಂದಿರದ ಆವರಣದಲ್ಲಿ ಒಳರಂಗ ‘ಭೂಮಿಗೀತ’, ಮರಗಳ ನಡುವಿನ ಬಯಲು ರಂಗ ‘ವನರಂಗ’ ರೂಪುಗೊಂಡವು. ಆ ಮೊದಲ ತಂಡದಲ್ಲಿ ಪಳಗಿದವರಲ್ಲಿ ಮಂಡ್ಯ ರಮೇಶ್ ಒಬ್ಬರು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನಲ್ಲಿ ಕಲಿತು, ಕಾರಂತರ ಬಳಿ ದುಡಿದು, ಮುಂದೆ ಸಿನಿಮಾ, ಕಿರುತೆರೆಗಳಲ್ಲಿ ಮನೆಮಾತಾದ ಅವರು ಮೈಸೂರಿನಲ್ಲಿ ‘ನಟನ’ ರಂಗಶಾಲೆ ಕಟ್ಟಿ ಮಕ್ಕಳಿಗೆ, ಎಳೆಯರಿಗೆ ರಂಗದ ಪಾಠ ಹೇಳುತ್ತ ಬಂದಿದ್ದಾರೆ. ಹೆಸರಿನಲ್ಲೇ ಊರನ್ನು ಇಟ್ಟುಕೊಂಡ ನಟನೊಬ್ಬ ಹೀಗೆ ಆ ಬಯಲಿಗೂ ಕಾರಂತರ ಶಾಲೆಗೂ ಕೊಂಡಿಯಾದರು.

ಪು.ತಿ.ನ. ಅವರ ‘ಗೋಕುಲ ನಿರ್ಗಮನ’ಕ್ಕೆ ತಕ್ಕ ರಂಗರೂಪ ಸಿಕ್ಕಿದ್ದೂ ಕಾರಂತರಿಂದಲೇ, ಹೆಗ್ಗೋಡಿನ ನೀನಾಸಮ್ ನಟರ ಮೂಲಕ. ಕೃಷ್ಣ ಗೋಕುಲ ಬಿಟ್ಟು ಮಥುರೆಗೆ ಹೊರಡುವ ಕತೆ ಅದು. ಕಥೆಯಲ್ಲಿ ನಡೆಯುವುದು ಕಡಿಮೆ, ಒಳಗೆ ಕದಡುವುದು ಹೆಚ್ಚು. ಕೊಳಲು ಹಿಂದುಳಿಯುತ್ತದೆ, ಕರ್ತವ್ಯ ಮುಂದೆ ಕರೆಯುತ್ತದೆ, ಗೋಪಿಯರ ಕೇಳಿಕೆಗೆ ಉತ್ತರವಿಲ್ಲ. ಇಂಥದನ್ನು ಬರೀ ಮಾತಿನಲ್ಲಿ ಆಡಿದರೆ ಭಾಷಣವಾಗುತ್ತದೆ, ಬರೀ ಕಛೇರಿಯಂತೆ ಹಾಡಿದರೆ ನಾಟಕ ಸಾಯುತ್ತದೆ. ಕಾರಂತರು ಹಾಡಿನೊಳಗೇ ನಡಿಗೆ ಹುಡುಕಿದರು, ಗುಂಪಿನ ಉಸಿರಿನೊಳಗೆ ವಿರಹ ಹುಡುಕಿದರು. ಪುಸ್ತಕದಲ್ಲಿ ಉಳಿದಿದ್ದ ಮೇಲುಕೋಟೆಯ ಕವಿಯ ಗೀತನಾಟಕವನ್ನು ಊರೂರ ಜನ ನೋಡುವಂತಾಯಿತು. ಬಿ.ಎಂ.ಶ್ರೀ., ಪು.ತಿ.ನ. ಕನಸಿದ ಹಾಡುವ ಆಧುನಿಕ ರಂಗಕ್ಕೆ ಹಾಡಬಲ್ಲ ಆಧುನಿಕ ನಟ ಸಿಕ್ಕಿದ್ದು ಇಲ್ಲಿ.

ಕಾರಂತರು 2002ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ಅವರ ಹಾದಿ ಅಲ್ಲಿಗೆ ನಿಲ್ಲಲಿಲ್ಲ. 2010ರಲ್ಲಿ ಸಿ. ಬಸವಲಿಂಗಯ್ಯನವರು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಂಗಾಯಣದಲ್ಲಿ ಅಹೋರಾತ್ರಿಯ ನಾಟಕವಾಗಿ ಕಟ್ಟಿದರು. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಹಂಸಲೇಖರ ಸಂಗೀತ. ಜೋಗಿಗಳು, ಹೆಳವರು ಮುಂತಾದ ಕತೆಗಾರ ಪರಂಪರೆಯವರೇ ಕತೆ ಹೇಳಿಕೊಂಡು ಹೋಗುವ ಒಂಬತ್ತು ಗಂಟೆಯ ಆಟ. ನಗರದ ಪ್ರೇಕ್ಷಕ ರಾತ್ರಿಯೆಲ್ಲ ಎಚ್ಚರಿದ್ದು, ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆದು, ಬೆಳಕು ಹರಿಯುವ ಹೊತ್ತಿಗೆ ಮನೆಗೆ ಹೋದ. ರಾತ್ರಿಯಿಡೀ ಕೂತು ನಾಟಕ ನೋಡುವ ತಾಳ್ಮೆ ಈ ಕಾಲಕ್ಕಿಲ್ಲ ಎನ್ನುತ್ತಿದ್ದವರಿಗೆ ಅದು ಉತ್ತರ.

ಉಳಿದ ಕೆಲಸ

ಮಂಡ್ಯ ಜಿಲ್ಲೆ ತನ್ನ ಕಲೆಗಳನ್ನು ಬರೆದಿಡುವ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ನಾಗಮಂ‌ಗಲ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಈ ಸೀಮೆಯ ಜನಪದ ಕಾವ್ಯಗಳನ್ನು ಹುಡುಕಿ ಬರೆದರು, ಮೂಡಲಪಾಯದ ಅಧ್ಯಯನಕ್ಕೂ ಪುನರುಜ್ಜೀವನಕ್ಕೂ ತಮ್ಮ ಬಾಳಿನ ಬಹುಪಾಲನ್ನು ಕೊಟ್ಟರು. ಅದೇ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತನ್ನು ಕಟ್ಟಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದರು. ಇಂದು ಅಲ್ಲಿಗೆ ಹೋದವರು ಬಯಲಾಟದ ಕಿರೀಟ, ಭುಜಕೀರ್ತಿಗಳನ್ನು ಕಣ್ಣಾರೆ ನೋಡಬಹುದು.

ಆದರೆ ಗಾಜಿನ ಪೆಟ್ಟಿಗೆಯೊಳಗಿನ ಕಿರೀಟ ಕುಣಿಯುವುದಿಲ್ಲ. ಕಾರಂತರು ಬಿಟ್ಟುಹೋದ ಪಾಠ ಅದೇ. ಪರಂಪರೆ ಉಳಿಯುವುದು ಅದನ್ನು ಬಲ್ಲವನು ಎಳೆಯ ನಟನ ಎದುರು ಕೂತು ಕಲಿಸಿದಾಗ, ಕಲಿತವನು ಅದನ್ನು ತನ್ನ ಕಾಲದ ಮಾತಿಗೆ ದುಡಿಸಿಕೊಂಡಾಗ. ಕರಾವಳಿಯ ಯಕ್ಷಗಾನಕ್ಕೆ ಕಾರಂತರಂಥ ಒಬ್ಬರು ದೊರೆತರು, ಅದು ಶೇಕ್ಸ್‌ಪಿಯರನವರೆಗೆ ನಡೆಯಿತು. ಮೂಡಲಪಾಯಕ್ಕೆ ಆ ಭಾಗ್ಯ ಇನ್ನೂ ಬಂದಿಲ್ಲ. ಪದ ಬಲ್ಲ ಭಾಗವತರು ಮುದುಕರಾಗಿದ್ದಾರೆ, ಮುಖವೀಣೆ ನುಡಿಸುವವರು ವಿರಳ. ‘ಕುರುಕ್ಷೇತ್ರ’ದ ಹಾರ್ಮೋನಿಯಂ ಮೇಷ್ಟ್ರುಗಳು ಇನ್ನೂ ಊರೂರಲ್ಲಿ ಇದ್ದಾರೆ. ಶಾಲೆಯ ಮೆಟ್ಟಿಲು ಹತ್ತದವನ ಬಾಯಲ್ಲೂ ಕಂದಪದ್ಯ ನಿಲ್ಲಿಸಬಲ್ಲವರು ಅವರು. ಇಂಥ ಗುರುಗಳು ನಮ್ಮ ರಂಗಶಾಲೆಗಳ ಪಾಠಪಟ್ಟಿಯಲ್ಲಿ ಎಷ್ಟು ಕಡೆ ಇದ್ದಾರೆ?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ರಂಗಾಯಣವೂ ನಾಡಿನ ರಂಗಶಾಲೆಗಳೂ ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲಗಳ ನಾಟಕದ ಮೇಷ್ಟ್ರುಗಳನ್ನು, ಮೂಡಲಪಾಯದ ಭಾಗವತರನ್ನು, ನೀಲಗಾರರನ್ನು ಗೌರವದಿಂದ ಕರೆದು, ಸಂಬಳ ಕೊಟ್ಟು, ಗುರುಗಳ ಪೀಠದಲ್ಲಿ ಕೂರಿಸಲಿ. ಸನ್ಮಾನದ ಶಾಲು ಹೊದಿಸಿ ಕಳಿಸುವುದು ಸಾಲದು. ಓದುಗರೂ ಒಂದು ಕೆಲಸ ಮಾಡಬಹುದು. ಮುಂದಿನ ಜಾತ್ರೆಯಲ್ಲಿ ನಿಮ್ಮೂರಿನ ‘ಕುರುಕ್ಷೇತ್ರ’ದ ಫ್ಲೆಕ್ಸ್ ಕಂಡರೆ ಪೂರ್ತಿ ರಾತ್ರಿ ಕೂತು ನೋಡಿ, ಮಕ್ಕಳನ್ನೂ ಕರೆದೊಯ್ಯಿರಿ. ನಾಳೆಯ ರಂಗಭೂಮಿಯನ್ನು ಕಟ್ಟುವ ಹುಡುಗನೋ ಹುಡುಗಿಯೋ ಮೊದಲ ಪಾಠ ಕಲಿಯುವುದು ಅಂಥ ರಾತ್ರಿಗಳಲ್ಲೇ.